ಚಳ್ಳಕೆರೆ ಸೀಮೆಯಲ್ಲಿ ಎಂಟು ವಾರ: ಎಂಪಿಎಚ್ ಫೀಲ್ಡ್ ಪೋಸ್ಟಿಂಗಿನ ಒಂದು ವಿಮರ್ಶೆ

ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಓದುತ್ತಿರುವ ಕಿರಿಯರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. ಎರಡನೆಯ ವರ್ಷದ ಫೀಲ್ಡ್ ಪೋಸ್ಟಿಂಗಿಗೆ, ಅಂದರೆ ಕಾಲೇಜಿನಾಚೆಯ ಕ್ಷೇತ್ರ ತರಬೇತಿಗೆ, ಬೆಂಗಳೂರಿನ ಯಾವುದಾದರೂ ಸಂಸ್ಥೆಯ ಕಚೇರಿಯನ್ನು ಆರಿಸಿಕೊಳ್ಳುವುದು ಒಳ್ಳೆಯದೋ, ಇಲ್ಲೇ ಚಿತ್ರದುರ್ಗ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುವುದು ಒಳ್ಳೆಯದೋ? ಎರಡನೆಯದನ್ನು ಆರಿಸಿಕೊಂಡು ಎಂಟು ವಾರ ಕಳೆದವಳಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಹಿಡಿದಿಟ್ಟ ಒಂದು ಅಂಕ ಏತಕ್ಕೆಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ. ಕಾಲೇಜಿನ ಹೆಸರನ್ನಾಗಲಿ, ಆರೋಗ್ಯ ಕೇಂದ್ರದ ಹೆಸರನ್ನಾಗಲಿ ಬರೆಯುತ್ತಿಲ್ಲ. ನಾನು ಕಂಡ ಕುಂದುಗಳು ಒಂದು ಕಾಲೇಜಿಗೋ ಒಂದು ಕೇಂದ್ರಕ್ಕೋ ಅಂಟಿಕೊಂಡವಲ್ಲ.

ನಾನು ದಾವಣಗೆರೆಯವಳು. ದಂತವೈದ್ಯಕೀಯದ ಬಿಡಿಎಸ್ ಪದವಿ ಮುಗಿಸಿ, ಎರಡು ವರ್ಷ ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿ, ಆಮೇಲೆ ಎಂಪಿಎಚ್ ಸೇರಿದೆ. ಪೋಸ್ಟಿಂಗ್ ಸಿಕ್ಕಿದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಕಾಲೇಜಿನ ಪತ್ರ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ, ಅಲ್ಲಿಂದ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ, ಅಲ್ಲಿಂದ ಕೇಂದ್ರದ ವೈದ್ಯಾಧಿಕಾರಿಗಳಿಗೆ ಇಳಿದು ಬರಲು ಹನ್ನೊಂದು ದಿನ ಹಿಡಿಯಿತು. ಸ್ಟೈಪೆಂಡ್ ಇಲ್ಲ. ಚಳ್ಳಕೆರೆಯಲ್ಲಿ ಸಹಪಾಠಿಯೊಬ್ಬಳ ಜೊತೆ ಕೊಠಡಿ ಹಿಡಿದಿದ್ದೆ. ಬಾಡಿಗೆ, ಊಟ, ಓಡಾಟವೆಲ್ಲ ಸೇರಿ ನನ್ನ ಪಾಲಿಗೆ ಸುಮಾರು 18,000 ರೂಪಾಯಿ ಖರ್ಚಾಯಿತು. ಶಕ್ತಿ ಯೋಜನೆಯಿಂದಾಗಿ ಸರ್ಕಾರಿ ಬಸ್ಸಿನ ಖರ್ಚು ಉಳಿಯಿತು. ಬಸ್ಸು ಹೋಗದ ಹಟ್ಟಿಗಳಿಗೆ ಶೇರ್ ಆಟೊ, ಅದೂ ಸಿಗದಿದ್ದರೆ ಆಶಾ ಕಾರ್ಯಕರ್ತೆಯರ ಜೊತೆ ನಡಿಗೆ.

ಮೊದಲ ಎರಡು ವಾರ ಬಹುಮಟ್ಟಿಗೆ ವ್ಯರ್ಥವಾದವು. ಕೇಂದ್ರದಲ್ಲಿ ನಮಗೆ ಕೊಡಲು ಯಾವ ಕೆಲಸವನ್ನೂ ಯಾರೂ ಮೊದಲೇ ಯೋಚಿಸಿಟ್ಟಿರಲಿಲ್ಲ. ಹಳೆಯ ರಿಜಿಸ್ಟರುಗಳಿಂದ ಅಂಕಿಗಳನ್ನು ನಮ್ಮ ಲಾಗ್‌ಬುಕ್ಕಿಗೆ ನಕಲು ಮಾಡಿಕೊಳ್ಳುವುದು, ಮಧ್ಯಾಹ್ನ ಸಹಿ ಹಾಕಿಸಿಕೊಳ್ಳುವುದು, ಇಷ್ಟೇ ನಮ್ಮ ದಿನಚರಿ. ಸಿಬ್ಬಂದಿಯನ್ನು ದೂರಲಾರೆ. ಹೊರರೋಗಿಗಳ ಸಾಲು ಬಾಗಿಲಾಚೆಗೂ ಚಾಚಿಕೊಂಡಿರುವಾಗ, ಒಂದೇ ಸಿಸ್ಟರ್ ಎರಡು ಉಪಕೇಂದ್ರಗಳ ಕೆಲಸ ನೋಡುತ್ತಿರುವಾಗ, ಮನೆಗೆ ಬಂದ ನೆಂಟರಂತೆ ಕುಳಿತ ಇಬ್ಬರು ವಿದ್ಯಾರ್ಥಿನಿಯರಿಗೆ ಪಾಠ ಹೇಳುವ ಪುರಸೊತ್ತು ಯಾರಿಗಿರುತ್ತದೆ? ಆದರೆ ಅನೇಕರ ಪೋಸ್ಟಿಂಗ್ ಈ ಎರಡು ವಾರಗಳ ರೀತಿಯಲ್ಲೇ ಆರಂಭವಾಗಿ ಇದೇ ರೀತಿಯಲ್ಲಿ ಮುಗಿದುಹೋಗುತ್ತದೆ. ಅಂಥವರು ಊರಿಗೆ ಮರಳಿ ಫೀಲ್ಡಿನಲ್ಲಿ ಕಲಿಯಲು ಏನೂ ಇಲ್ಲ ಎಂದು ಹೇಳಿದರೆ ಅದು ಸುಳ್ಳೂ ಅಲ್ಲ.

ನಮ್ಮ ವಿಷಯದಲ್ಲಿ ಬದಲಾವಣೆ ಬಂದಿದ್ದು ಒಂದು ಗುರುವಾರ. ಅಂದು ಲಸಿಕೆ ದಿನ. ಫ್ರೀಜರ್‌ನಿಂದ ಹೊರಗೆ ತೆಗೆದಿಟ್ಟಿದ್ದ ನಾಲ್ಕು ಐಸ್‌ಪ್ಯಾಕುಗಳನ್ನು ಸಿಸ್ಟರ್ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು. ಏನೆಂದು ಕೇಳಿದಾಗ ಒಂದನ್ನು ನನ್ನ ಕೈಗೆ ಕೊಟ್ಟರು. ಒಳಗಿನ ಮಂಜು ತುಸು ಕರಗಿ, ನೀರು ಕುಲುಕುವ ಸಣ್ಣ ಸದ್ದು ಕೇಳಿಸಿದ ಮೇಲೆಯೇ ಪ್ಯಾಕನ್ನು ಲಸಿಕೆಯ ಪೆಟ್ಟಿಗೆಗೆ ಹಾಕಬೇಕು. ಕಲ್ಲಿನಂತೆ ಗಟ್ಟಿಯಾಗಿರುವುದನ್ನು ಹಾಗೇ ಇಟ್ಟರೆ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್‌ನಂತಹ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ. ಶೀತಲ ಸರಪಳಿಯ, ಅಂದರೆ ಲಸಿಕೆಯನ್ನು ಮಗುವಿಗೆ ಕೊಡುವವರೆಗೂ ತಣ್ಣಗೆ ಕಾಪಾಡುವ ವ್ಯವಸ್ಥೆಯ, ಕುರಿತು ನಾನು ಪರೀಕ್ಷೆಯಲ್ಲಿ ನಾಲ್ಕು ಪುಟ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್ ಎಂಬ ಮಾತು ನನಗೆ ಬಾಯಿಪಾಠವಾಗಿತ್ತು. ಲಸಿಕೆ ಬಿಸಿಲಿನಿಂದ ಕೆಡುವಂತೆ ಅತಿಯಾದ ತಣ್ಪಿನಿಂದಲೂ ಕೆಡುತ್ತದೆಂಬುದೂ, ಅದನ್ನು ಕಾಯುವುದು ಒಬ್ಬ ಹೆಣ್ಣುಮಗಳ ಕಿವಿಯೆಂಬುದೂ ಅಂದು ನನಗೆ ಮನದಟ್ಟಾಯಿತು. ಆ ದಿನವೇ ವೈದ್ಯಾಧಿಕಾರಿಗಳ ಬಳಿ ಹೋಗಿ, ಕೇಂದ್ರಕ್ಕೆ ನಿಜವಾಗಿ ಬೇಕಾಗಿರುವ, ಆದರೆ ಮಾಡಲು ಆಳಿಲ್ಲದ ಒಂದು ಕೆಲಸವನ್ನು ನಮಗೆ ವಹಿಸಿಕೊಡಿ ಎಂದು ಕೇಳಿಕೊಂಡೆವು. ಅವರು ನಾನು ದಂತವೈದ್ಯೆ ಎಂಬುದನ್ನು ನೆನಪಿಟ್ಟುಕೊಂಡಿದ್ದರು. ಫ್ಲೋರೈಡ್ ನೋಡಿ ಎಂದರು.

ಚಳ್ಳಕೆರೆ, ಮೊಳಕಾಲ್ಮುರು ಭಾಗ ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಕೊಳವೆಬಾವಿಗಳೇ ಇಲ್ಲಿನ ಬದುಕಿನ ಆಧಾರ, ಮತ್ತು ಆಳದ ಬಂಡೆಯಿಂದ ಬರುವ ಆ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಪಕ್ಕದ ದಾವಣಗೆರೆ ಜಿಲ್ಲೆಯ ಜಗಳೂರಿನ ಕಥೆಯೂ ಇದೇ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲ ಇಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಒಪ್ಪಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ಚಿಕ್ಕಂದಿನಿಂದ ಕುಡಿದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಪಟ್ಟೆ ಮೂಡುತ್ತವೆ; ಹೆಚ್ಚಿನ ಪ್ರಮಾಣದಲ್ಲಿ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳು ಬಿಗಿದುಕೊಳ್ಳುತ್ತವೆ. ಕೇಂದ್ರ ಸರ್ಕಾರ ಫ್ಲೋರೋಸಿಸ್ ಎಂಬ ಈ ತೊಂದರೆಯ ತಡೆಗೆಂದೇ 2008–09ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ನಮ್ಮ ಕೇಂದ್ರದ ವ್ಯಾಪ್ತಿಯ ಒಂದು ಊರಿನಲ್ಲಿ ಐದು ವರ್ಷಗಳ ಹಿಂದೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿತ್ತು. ಆದರೂ ಶಾಲೆಯ ಮಕ್ಕಳ ಹಲ್ಲು ಕಂದಾಗಿಯೇ ಇದೆ, ಘಟಕದಿಂದ ಪ್ರಯೋಜನವಿಲ್ಲ ಎಂಬ ಮಾತು ಊರಲ್ಲಿ ಹರಡಿತ್ತು. ಅದು ನಿಜವೇ ಎಂದು ನಾವು ನೋಡಬೇಕಿತ್ತು.

ಹಲ್ಲಿನ ಫ್ಲೋರೋಸಿಸನ್ನು ಅಳೆಯಲು ಡೀನ್ ಸೂಚ್ಯಂಕ ಎಂಬ ಹಳೆಯ, ಇಂದಿಗೂ ಬಳಕೆಯಲ್ಲಿರುವ ಒಂದು ಕ್ರಮವಿದೆ. ಹೆಚ್ಚು ಬಾಧಿತವಾದ ಎರಡು ಹಲ್ಲುಗಳನ್ನು ಗುರುತಿಸಿ, ಅವೆರಡೂ ಒಂದೇ ಮಟ್ಟದಲ್ಲಿಲ್ಲದಿದ್ದರೆ ಕಡಿಮೆ ಬಾಧಿತವಾದುದರ ಅಂಕವನ್ನು ಆ ಮಗುವಿಗೆ ಕೊಡಬೇಕು. ಕ್ಲಿನಿಕ್ಕಿನ ಕುರ್ಚಿಯಲ್ಲಿ, ತಲೆಯ ಮೇಲಿನ ದೀಪದ ಬೆಳಕಿನಲ್ಲಿ ಇದು ಸುಲಭ. ಶಾಲೆಯ ಜಗಲಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಯ ಬೆಳಕಿಗೆ ಮಕ್ಕಳನ್ನು ಎದುರಾಗಿ ಕೂರಿಸಿಕೊಂಡು ನೋಡುವಾಗ, ಇದು ಫ್ಲೋರೈಡಿನ ಮಚ್ಚೆಯೋ, ಬೆಳಗಿನ ತಿಂಡಿಯ ಪಾಚಿಯೋ, ಹುಳುಕಿನ ಆರಂಭವೋ ಎಂದು ತೀರ್ಮಾನಿಸಲು ಮೊದಲ ದಿನ ಒಂದೊಂದು ಮಗುವಿಗೂ ಐದಾರು ನಿಮಿಷ ಬೇಕಾಯಿತು. ಏಳನೆಯ ತರಗತಿಯ ಒಬ್ಬ ಹುಡುಗಿ ಬಾಯಿ ತೆರೆಯಲೇ ಒಪ್ಪಲಿಲ್ಲ. ಒತ್ತಾಯಿಸದೆ ಬಿಟ್ಟೆವು. ಮೂರನೆಯ ದಿನ ಅವಳೇ ಬಂದು, ಅಂಗೈಯಿಂದ ಬಾಯಿ ಮುಚ್ಚಿಕೊಂಡೇ, ಇದು ಉಜ್ಜಿದರೆ ಹೋಗುತ್ತದೆಯೇ ಎಂದು ಕೇಳಿದಳು. ಇಟ್ಟಿಗೆ ಪುಡಿಯಿಂದ ಉಜ್ಜುತ್ತಿದ್ದಳಂತೆ. ಇದು ಕೊಳೆಯಲ್ಲ, ನಿನ್ನ ತಪ್ಪೂ ಅಲ್ಲ, ಹಲ್ಲು ಒಳಗೆ ರೂಪುಗೊಳ್ಳುವಾಗಲೇ ಆದದ್ದು ಎಂದು ಅವಳಿಗೆ ಬಿಡಿಸಿ ಹೇಳಿದೆ. ನನ್ನ ಪ್ರಶ್ನಾವಳಿಯಲ್ಲಿ ಸಂಕೋಚ ಎಂಬುದಕ್ಕೆ ಒಂದು ಕಲಮೂ ಇರಲಿಲ್ಲ. ಆ ಸಂಜೆ ಸೇರಿಸಿದೆ.

ಹಲ್ಲು ಒಳಗೆ ರೂಪುಗೊಳ್ಳುವಾಗ ಎಂಬ ಆ ಮಾತಿನಲ್ಲೇ ಊರಿನವರ ದೂರಿಗೂ ಉತ್ತರವಿತ್ತು. ಶಾಶ್ವತ ಹಲ್ಲುಗಳ ಎನಾಮೆಲ್, ಅಂದರೆ ಗಟ್ಟಿ ಹೊರಪದರ, ಬಹುಪಾಲು ಹುಟ್ಟಿನಿಂದ ಎಂಟು ವರ್ಷದೊಳಗೆ ರೂಪುಗೊಳ್ಳುತ್ತದೆ, ಎದುರಿನ ಹಲ್ಲುಗಳದಂತೂ ಇನ್ನೂ ಬೇಗ. ಹಾಗಾಗಿ ಇಂದು ಹನ್ನೆರಡು ವರ್ಷದ ಮಗುವಿನ ಎದುರು ಹಲ್ಲು, ಅದು ಕೈಗೂಸಾಗಿದ್ದಾಗಿನಿಂದ ನಾಲ್ಕೈದು ವರ್ಷದವರೆಗೆ ಕುಡಿದ ನೀರಿನ ಲೆಕ್ಕವನ್ನು ಹೇಳುತ್ತದೆಯೇ ಹೊರತು ಈಗ ಕುಡಿಯುತ್ತಿರುವ ನೀರಿನದನ್ನಲ್ಲ. ಐದು ವರ್ಷದ ಹಿಂದೆ ಬಂದ ಘಟಕದ ಫಲವನ್ನು ಏಳನೆಯ ತರಗತಿಯಲ್ಲಿ ಹುಡುಕಿದರೆ ಸಿಗದು. ಒಂದನೆಯ ತರಗತಿಯ ಮಕ್ಕಳಿಗೆ ಈಗಷ್ಟೇ ಮೂಡುತ್ತಿರುವ ಎದುರು ಹಲ್ಲುಗಳಲ್ಲಿ ಹುಡುಕಬೇಕು. ಶಾಲೆಯ ಮುಖ್ಯ ಶಿಕ್ಷಕರಿಗೆ ಇದನ್ನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಇಷ್ಟು ವರ್ಷ ನಾವು ತಪ್ಪು ಮಕ್ಕಳನ್ನು ನೋಡಿ ಘಟಕವನ್ನು ಬೈಯುತ್ತಿದ್ದೆವು ಎಂದರು.

ಆದರೆ ಒಂದನೆಯ ತರಗತಿಯಲ್ಲೂ ನಾವು ನಿರೀಕ್ಷಿಸಿದಷ್ಟು ಸ್ವಚ್ಛ ಹಲ್ಲುಗಳು ಕಾಣಲಿಲ್ಲ. ನಮ್ಮ ಪ್ರಶ್ನಾವಳಿಯ ಪ್ರಕಾರ ಹೆಚ್ಚುಕಡಿಮೆ ಎಲ್ಲ ಮನೆಯವರೂ ಕುಡಿಯಲು ಘಟಕದ ನೀರನ್ನೇ ಬಳಸುತ್ತಿದ್ದರು. ಎಕ್ಸೆಲ್ಲಿನಲ್ಲಿ ಎರಡು ದಿನ ತಿಣುಕಾಡಿದರೂ ಗಂಟು ಬಿಡಿಸಲಾಗಲಿಲ್ಲ. ಬಿಡಿಸಿದವರು ನಮ್ಮ ಜೊತೆ ಬರುತ್ತಿದ್ದ ಆಶಾ ಅಕ್ಕ. ಒಂದು ಮನೆಯ ಅಂಗಳದಲ್ಲಿ ನಾನು ಎಂದಿನಂತೆ ಕುಡಿಯುವ ನೀರಿನ ಮೂಲ ಯಾವುದು ಎಂದು ಓದುತ್ತಿದ್ದಾಗ ಅವರು ಮೆಲ್ಲನೆ, “ಮೇಡಂ, ಕುಡಿಯಾಕೆ ಘಟಕದ ನೀರು ಸರಿ, ಮುದ್ದೆಗೆ ಯಾವ ನೀರು ಇಡ್ತಾರೆ ಅಂತ ಕೇಳ್ರಿ” ಎಂದರು. ಕೇಳಿದೆವು. ಬೋರ್ ನೀರು. ಮುದ್ದೆಗೂ ಸಾರಿಗೂ ಅನ್ನಕ್ಕೂ ಚಹಾಕ್ಕೂ ಬೋರ್ ನೀರೇ. ಘಟಕದ ನೀರು ಕುಡಿಯುವ ಬಿಂದಿಗೆಗೆ ಮಾತ್ರ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ, ಬೇಯುವ ಧಾನ್ಯ ಅದನ್ನು ಹೀರಿಕೊಳ್ಳುತ್ತದೆ. ಮಗು ನೀರಿನ ಲೋಟದಲ್ಲಿ ತಪ್ಪಿಸಿಕೊಂಡದ್ದನ್ನು ಊಟದ ತಟ್ಟೆಯಲ್ಲಿ ಪಡೆಯುತ್ತಿತ್ತು.

ಇಡೀ ಪೋಸ್ಟಿಂಗಿನಲ್ಲಿ ನನಗೆ ದಕ್ಕಿದ ಅತಿ ದೊಡ್ಡ ಪ್ರಯೋಜನ ಇದೇ. ನಮ್ಮ ಪ್ರಶ್ನಾವಳಿಯನ್ನು ಇಬ್ಬರು ಪ್ರಾಧ್ಯಾಪಕರು ತಿದ್ದಿದ್ದರು, ಅದು ಪ್ರಕಟಿತ ಅಧ್ಯಯನಗಳನ್ನು ಆಧರಿಸಿತ್ತು, ವ್ಯಾಕರಣದಲ್ಲೂ ದೋಷವಿರಲಿಲ್ಲ. ಅದಕ್ಕೆ ಗೊತ್ತಿಲ್ಲದಿದ್ದದ್ದು ಈ ಸೀಮೆಯ ಅಡುಗೆಮನೆ. ಎಂಟನೆಯ ತರಗತಿವರೆಗೆ ಓದಿದ, ಸುಮಾರು ಸಾವಿರ ಜನರ ಮನೆಮನೆಯನ್ನೂ ಬಲ್ಲ ಒಬ್ಬ ಆಶಾ ಕಾರ್ಯಕರ್ತೆ ಒಂದೇ ವಾಕ್ಯದಲ್ಲಿ ಅದನ್ನು ತಿದ್ದಿದರು. ಆಗಲೇ ಮುಗಿಸಿದ್ದ ಎಲ್ಲ ಮನೆಗಳಿಗೂ ಮತ್ತೆ ಹೋದೆವು. ಅಡುಗೆ ನೀರಿನ ಮಾದರಿಗಳನ್ನು ಪಂಚಾಯಿತಿಯ ಪರೀಕ್ಷಾ ಕಿಟ್‌ನಲ್ಲಿ ನೋಡಿದೆವು. ರಾಸಾಯನಿಕ ಬೆರೆಸಿದ ನೀರಿನ ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚೆಂದು ಅರ್ಥ. ಜಲಜೀವನ್ ಮಿಷನ್ ಅಡಿ ಈ ಕಿಟ್ ಬಳಸಲು ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆಯಿದೆ. ಆ ಊರಿನಲ್ಲಿ ತರಬೇತಿ ಪಡೆದಿದ್ದ ಇಬ್ಬರು ನಮಗಿಂತ ಚುರುಕಾಗಿ ಕೈಯಾಡಿಸಿದರು. ಹಳದಿ ಬಣ್ಣ ಮೂಡಿದಾಗ ಅವರಲ್ಲೊಬ್ಬರು ನಳಿಕೆಯನ್ನು ಬೆಳಕಿಗೆ ಹಿಡಿದು, ಏನೂ ಮಾತನಾಡದೆ ತಮ್ಮ ಮನೆಯ ಕಡೆ ನೋಡಿದ್ದು ನನಗೆ ಇಂದಿಗೂ ನೆನಪಿದೆ.

ಇನ್ನೂ ಎರಡು ವಿಷಯಗಳನ್ನು ಸಂಕ್ಷಿಪ್ತವಾಗಿ ಹೇಳಬೇಕು. ಒಂದು ಹಟ್ಟಿಯಲ್ಲಿ ಲಸಿಕೆ ತಪ್ಪಿಸಿಕೊಂಡ ಮಕ್ಕಳ ಪಟ್ಟಿ ಉದ್ದವಿತ್ತು, ತಂದೆತಾಯಿಗಳ ತಿಳಿವಳಿಕೆ ಸಾಲದೆಂದು ನಾನು ಟಿಪ್ಪಣಿಯನ್ನೂ ಬರೆದಿಟ್ಟಿದ್ದೆ. ಹೋಗಿ ನೋಡಿದರೆ ಆ ಮನೆಗಳಿಗೆ ಬೀಗ. ಕುರಿ ಹಿಂಡಿನ ಜೊತೆ, ಇಲ್ಲವೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಸಂಸಾರ ಸಮೇತ ಹೋಗಿದ್ದರು. ಕೆಲವು ಮಕ್ಕಳಿಗೆ ಹೋದ ಊರಿನಲ್ಲೇ ಲಸಿಕೆ ಆಗಿತ್ತು, ತಾಯಿ ಕಾರ್ಡಿನಲ್ಲಿ ಅದರ ಗುರುತೂ ಇತ್ತು, ನಮ್ಮ ರಿಜಿಸ್ಟರಿಗೆ ಮಾತ್ರ ಅದು ಬಂದಿರಲಿಲ್ಲ. ಇನ್ನೊಂದು, ಸೊಳ್ಳೆ ಮರಿಗಳ ಸಮೀಕ್ಷೆ. ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿಗಳನ್ನು ಬರಿದು ಮಾಡಿ ಉಜ್ಜಿ ಒಣಗಿಸಿ ಎಂದು ನಾವು ಹೇಳುತ್ತಾ ಹೋಗುತ್ತಿದ್ದ ಬೀದಿಗೆ ನಲ್ಲಿ ನೀರು ಬರುತ್ತಿದ್ದುದೇ ಎಂಟು ದಿನಕ್ಕೊಮ್ಮೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಬೆಳೆಯಲು ಎಂಟು ಹತ್ತು ದಿನ ಸಾಕು. ಅಲ್ಲಿ ಡೆಂಗಿಯ ಮಾತು ನೀರುಗಂಟಿಯ ವೇಳಾಪಟ್ಟಿಯಿಂದ ಶುರುವಾಗಬೇಕೇ ಹೊರತು ಗೃಹಿಣಿಯ ಅಶ್ರದ್ಧೆಯಿಂದಲ್ಲ. ಡ್ರಮ್ಮಿಗೆ ಬಟ್ಟೆ ಬಿಗಿದು ಕಟ್ಟುವುದನ್ನು ತೋರಿಸಿಕೊಟ್ಟೆವು, ಅದನ್ನು ಜನ ಒಪ್ಪಿಕೊಂಡರು.

ಇಂಥ ತರಬೇತಿ ಹೊಸದೇನಲ್ಲ. ಕಲ್ಕತ್ತೆಯ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ 1939ರಲ್ಲೇ ಬಂಗಾಳದ ಸಿಂಗೂರಿನಲ್ಲಿ ತನ್ನ ಗ್ರಾಮೀಣ ತರಬೇತಿ ಕ್ಷೇತ್ರವನ್ನು ತೆರೆದಿತ್ತು. ನಮ್ಮ ಮೈಸೂರು ಸಂಸ್ಥಾನವೂ 1930ರ ದಶಕದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, ಗ್ರಾಮೀಣ ಆರೋಗ್ಯ ಘಟಕವನ್ನು ನಡೆಸಿತು. ವೈದ್ಯನಾಗುವವನು ಮೂರು ತಿಂಗಳಾದರೂ ರೋಗ ತಡೆಯುವ ಮತ್ತು ಸಾಮಾಜಿಕ ವೈದ್ಯಕೀಯದ ತರಬೇತಿ ಪಡೆಯಬೇಕೆಂದು ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಶಿಫಾರಸು ಮಾಡಿತು. ನೀರಿನ ವಿಷಯದಲ್ಲಿ ಈ ತರಬೇತಿಯ ಅಗತ್ಯವನ್ನು ಚಿತ್ರದುರ್ಗದವರಿಗೆ ಬೇರೆಯವರು ಹೇಳಿಕೊಡಬೇಕಾಗಿಯೂ ಇಲ್ಲ. 2023ರ ಆಗಸ್ಟ್ ಆರಂಭದಲ್ಲಿ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದ್ದನ್ನೂ, ಹಲವರು ಪ್ರಾಣ ಕಳೆದುಕೊಂಡದ್ದನ್ನೂ ಈ ಜಿಲ್ಲೆ ಮರೆತಿಲ್ಲ.

ಈಗ ಕುಂದುಗಳಿಗೆ ಬರುತ್ತೇನೆ. ಎಂಟು ವಾರಗಳಲ್ಲಿ ಕಾಲೇಜಿನ ನಮ್ಮ ಗೈಡ್ ಬಂದದ್ದು ಒಮ್ಮೆ, ಅದೂ ಒಂದು ಗಂಟೆಯ ಮಟ್ಟಿಗೆ. ಅಡುಗೆ ನೀರಿನ ಸಂಗತಿ ಹೊರಬಿದ್ದ ವಾರ ಪ್ರಶ್ನಾವಳಿಯನ್ನು ಹೇಗೆ ಬದಲಾಯಿಸಬೇಕು, ಹಳೆಯ ಉತ್ತರಗಳನ್ನು ಉಳಿಸಿಕೊಳ್ಳಬಹುದೇ, ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಗೆ ಮತ್ತೆ ತಿಳಿಸಬೇಕೇ ಎಂದು ಕೇಳಲು ಫೋನ್ ಮಾಡಿದರೆ ಉತ್ತರ ಬಂದದ್ದು ಆರನೆಯ ದಿನ. ಲಾಗ್‌ಬುಕ್ ಇಡೀ ಇಂಗ್ಲಿಷಿನಲ್ಲಿತ್ತು. ಒಪ್ಪಿಗೆ ಪತ್ರದ ಕನ್ನಡ ಅನುವಾದವಂತೂ ಕನ್ನಡದವರಿಗೇ ಅರ್ಥವಾಗದಂತಿದ್ದು, ತಂದೆತಾಯಿಗಳ ಮುಂದೆ ಓದಲು ನಾವೇ ಒಂದು ರಾತ್ರಿ ಕೂತು ಹೊಸದಾಗಿ ಬರೆದೆವು. ಇವೆಲ್ಲಕ್ಕಿಂತ ನನ್ನನ್ನು ನೋಯಿಸಿದ್ದು ಬೇರೆ. ವರದಿಯನ್ನು ಕಾಲೇಜಿಗೆ ಒಪ್ಪಿಸಿದರೆ ಅಂಕ ಬರುತ್ತದೆ. ಊರಿಗೆ ಒಪ್ಪಿಸಬೇಕೆಂಬ ನಿಯಮ ಎಲ್ಲಿಯೂ ಇಲ್ಲ, ಅದಕ್ಕೆ ಒಂದು ದಿನವನ್ನೂ ಕೊಟ್ಟಿಲ್ಲ. ಮಕ್ಕಳ ಬಾಯಿ ತೆರೆಸಿ, ಮನೆಗಳ ಬಿಂದಿಗೆ ಬಗ್ಗಿಸಿ ನೋಡಿ, ಕಂಡದ್ದನ್ನು ಅವರಿಗೇ ಹೇಳದೆ ಎದ್ದು ಬರುವುದು ಸಾಲ ತೆಗೆದುಕೊಂಡು ಊರು ಬಿಟ್ಟಂತೆ. ಆ ಒಂದು ಅಂಕವನ್ನು ನಾನು ಹಿಡಿದಿಟ್ಟಿರುವುದು ಇದಕ್ಕಾಗಿ.

ಹೋಗುವವರಿಗೆ ನನ್ನ ಸಲಹೆ ಇಷ್ಟು. ನಾಲ್ಕು ವಾರದ ಪೋಸ್ಟಿಂಗ್ ಸಾಲದು, ಜನ ನಿಮ್ಮನ್ನು ಗುರುತು ಹಿಡಿಯುವುದಕ್ಕೇ ಮೂರು ವಾರ ಬೇಕು. ಮೊದಲ ದಿನವೇ ವೈದ್ಯಾಧಿಕಾರಿಗಳನ್ನು ಕಂಡು, ಕೇಂದ್ರಕ್ಕೆ ಉಪಯೋಗವಾಗುವ ಒಂದು ಕೆಲಸವನ್ನು ಕೇಳಿ ಪಡೆಯಿರಿ, ಹತ್ತು ಕೆಲಸಗಳ ತುಣುಕು ನೋಡುವ ಆಸೆ ಬಿಡಿ. ಶಾಲೆಯಲ್ಲಿ ಪರೀಕ್ಷೆ ಮಾಡುವುದಾದರೆ ಶಿಕ್ಷಣ ಇಲಾಖೆಯ ಅನುಮತಿಯನ್ನೂ ತಂದೆತಾಯಿಗಳ ಒಪ್ಪಿಗೆಯನ್ನೂ ನಿಮ್ಮ ಊರು ಬಿಡುವ ಮೊದಲೇ ಹೊಂದಿಸಿಕೊಳ್ಳಿ. ಮನೆ ಭೇಟಿಗೆ ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ಆರರ ನಂತರ ಹೋಗಿ. ಹಗಲು ಹೊತ್ತಿನಲ್ಲಿ ಶೇಂಗಾ ಹೊಲದಲ್ಲಿರುವವರನ್ನು ಮನೆಯಲ್ಲಿಲ್ಲ ಎಂದು ಬರೆದುಕೊಂಡು ಬಂದರೆ ನಿಮ್ಮ ಲೆಕ್ಕ ಕೆಡುತ್ತದೆ. ಡೇಟಾ ವಿಶ್ಲೇಷಣೆಯಲ್ಲಿ ಮುಂದುವರಿಯಬೇಕೆನ್ನುವವರು ತಮಗೆ ಇದೆಲ್ಲ ಏಕೆಂದು ಕೇಳುತ್ತಾರೆ. ರಿಜಿಸ್ಟರಿನಲ್ಲಿ ಒಂದು ಖಾನೆ ಹೇಗೆ ತುಂಬುತ್ತದೆ, ಹೇಗೆ ಖಾಲಿ ಉಳಿಯುತ್ತದೆ ಎಂಬುದನ್ನು ಕಣ್ಣಾರೆ ಕಾಣದವರು ಅದರ ಸರಾಸರಿ ತೆಗೆಯುವಾಗ ತಪ್ಪು ಮಾಡುತ್ತಾರೆ, ನಾನು ಮಾಡಿದ್ದೇನೆ.

ಪೋಸ್ಟಿಂಗ್ ಮುಗಿದ ಮೂರು ವಾರಕ್ಕೆ ಸ್ವಂತ ಖರ್ಚಿನಲ್ಲಿ ಮತ್ತೆ ಆ ಊರಿಗೆ ಹೋದೆವು. ಗ್ರಾಮ ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಯ ಸಭೆ ಅಂಗನವಾಡಿಯಲ್ಲಿ ಸೇರಿತ್ತು. ಒಂದು ಡ್ರಾಯಿಂಗ್ ಹಾಳೆಯ ಮೇಲೆ ನೀರಿನ ಲೋಟ ಮತ್ತು ಮುದ್ದೆಯ ಪಾತ್ರೆ ಬರೆದುಕೊಂಡು, ಅಡುಗೆಗೂ ಘಟಕದ ನೀರನ್ನೇ ಬಳಸಬೇಕೆಂದು ವಿವರಿಸಿದೆವು. ಹಾಲು, ನುಗ್ಗೆಸೊಪ್ಪು, ನೆಲ್ಲಿಕಾಯಿಯಂಥವು ಮಕ್ಕಳ ಊಟದಲ್ಲಿರಲಿ ಎಂದೂ ಹೇಳಿದೆವು. ಎಲ್ಲರೂ ಕೇಳಿಸಿಕೊಂಡರು. ಬಾಗಿಲ ಬಳಿ ಕುಳಿತಿದ್ದ ಒಬ್ಬ ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿ, “ಅಲ್ಲವ್ವಾ, ಈಗ ದಿನಕ್ಕೊಂದು ಕ್ಯಾನು, ಐದು ರೂಪಾಯಿ. ಮುದ್ದೆಗೂ ಅದೇ ನೀರು ಅಂದ್ರೆ ಎರಡು ಕ್ಯಾನು. ತಿಂಗಳಿಗೆ ಮುನ್ನೂರು ಆತು. ಕೂಲಿ ಇಲ್ಲದ ತಿಂಗಳು ಏನ್ ಮಾಡಾನ? ಆ ಎರಡನೇ ಕ್ಯಾನು ಹೊತ್ಕೊಂಡು ಬರೋರು ಯಾರು?” ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರ ನಮ್ಮ 64 ಪುಟಗಳ ವರದಿಯಲ್ಲಿ ಇರಲಿಲ್ಲ. ಅಜ್ಜಿಯ ಮಾತನ್ನು ಹಾಗೆಯೇ ಬರೆದು, ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಬೇರೆ ಊರು ಕೊಡದೆ ಇದೇ ಊರನ್ನು ಕೊಡಬೇಕೆಂದೂ, ಅಡುಗೆಯ ನೀರಿಗೆ ಪಂಚಾಯಿತಿ ಬೇರೆ ದರ ಇಡಬಹುದೇ, ಮನೆಬಾಗಿಲಿಗೆ ಮುಟ್ಟಿಸಲು ಎಷ್ಟು ಖರ್ಚಾಗುತ್ತದೆ ಎಂಬುದನ್ನೇ ಅವರ ವಿಷಯವಾಗಿಸಬೇಕೆಂದೂ ವಿಭಾಗಕ್ಕೆ ಪತ್ರ ಕೊಟ್ಟೆ. ವಿಭಾಗ ಒಪ್ಪಿದೆ. ಜೂನ್‌ನಲ್ಲಿ ಇಬ್ಬರು ಹೊರಡುತ್ತಿದ್ದಾರೆ. ಕೊನೆಯ ವಾರದ ಎರಡು ದಿನಗಳನ್ನು ಊರಿನ ಸಭೆಗೆಂದು ಅವರ ವೇಳಾಪಟ್ಟಿಯಲ್ಲಿ ಈಗಲೇ ಗುರುತು ಹಾಕಲಾಗಿದೆ.